ನೆರವಿಗೆ ಅರ್ಹರು ಯಾರು?

ಸರಕಾರದ ಸಹಾಯಧನಕ್ಕೆ ಎರಡು ಬಾಗಿಲುಗಳುಂಟು. ಮೊದಲನೆಯದು ಘೋಷಣೆಯ ಬಾಗಿಲು. ಅದು ಮಹಾದ್ವಾರ, ಊರಿಗೆಲ್ಲ ಕಾಣಿಸುತ್ತದೆ. ಎರಡನೆಯದು ಅರ್ಹತೆಯ ಬಾಗಿಲು. ಅದು ದಿಡ್ಡಿಬಾಗಿಲಿನಂತೆ ಕಿರಿದು; ಕೈಯಲ್ಲಿ ತಕ್ಕ ಕಾಗದವಿಲ್ಲದವನು ಅದನ್ನು ದಾಟಲಾರ. ಮಹಾದ್ವಾರದ ಮುಂದೆ ನೆರೆದವರಲ್ಲಿ ಎಷ್ಟು ಮಂದಿ ದಿಡ್ಡಿಯನ್ನು ದಾಟಿ ಒಳಹೋದರು ಎಂಬುದೇ ಯಾವ ಪರಿಹಾರಯೋಜನೆಗಾದರೂ ನಿಜವಾದ ಲೆಕ್ಕ.

೨೦೨೦ ಮತ್ತು ೨೦೨೧ನೆಯ ಇಸವಿಗಳಲ್ಲಿ ಕೊರೋನ ಸಾಂಕ್ರಾಮಿಕವು ಲೋಕವನ್ನೇ ಮನೆಯೊಳಗೆ ಕೂಡಿಹಾಕಿದಾಗ ಈ ಲೆಕ್ಕ ದೇಶದೇಶಗಳ ಸರಕಾರಗಳಿಗೂ ಎದುರಾಯಿತು. ವ್ಯಾಪಾರ ನಿಂತವರಿಗೆ ಕೈನೀಡಬೇಕೆಂಬುದರಲ್ಲಿ ಹೆಚ್ಚಿನ ಭಿನ್ನಾಭಿಪ್ರಾಯವಿರಲಿಲ್ಲ. ಆದರೆ ಯಾರ ದುಡಿಮೆ ವ್ಯಾಪಾರವೆನಿಸಿಕೊಳ್ಳುತ್ತದೆ, ಯಾವ ದಾಖಲೆಯಿದ್ದರೆ ಒಬ್ಬನು ವ್ಯಾಪಾರಿಯೆನಿಸುತ್ತಾನೆ ಎಂಬ ಪ್ರಶ್ನೆಗೆ ಉತ್ತರ ಹೇಳುವುದು ಸುಲಭವಾಗಿರಲಿಲ್ಲ. ಈ ಪ್ರಶ್ನೆಯನ್ನು ಒರೆಗೆ ಹಚ್ಚಿ ನೋಡಲು ಕೊಡಗು ತಕ್ಕ ಸ್ಥಳ. ೨೦೧೧ರ ಜನಗಣತಿಯಂತೆ ೫,೫೪,೫೧೯ ಜನರುಳ್ಳ ಚಿಕ್ಕ ಜಿಲ್ಲೆ ಅದು. ಹೊಗೆ ಉಗುಳುವ ದೊಡ್ಡ ಕಾರ್ಖಾನೆಗಳು ಅಲ್ಲಿಲ್ಲ. ಕಾಫಿಯ ತೋಟ, ಬತ್ತದ ಗದ್ದೆ, ಇವೆರಡನ್ನೂ ಆಶ್ರಯಿಸಿ ಬೆಳೆದ ಪೇಟೆ, ಹೊರಗಿನಿಂದ ಬರುವ ಪ್ರವಾಸಿ. ಬಹುಮಟ್ಟಿಗೆ ಇವುಗಳ ಮೇಲೆಯೇ ಅಲ್ಲಿಯ ಜೀವನ ನಿಂತಿದೆ.

ಋತುವನ್ನು ನಂಬಿದ ಅಂಗಡಿ

ಕೊಡಗಿನ ಸಣ್ಣ ವ್ಯಾಪಾರಿಗೆ ವರ್ಷವೆಂದರೆ ಹನ್ನೆರಡು ತಿಂಗಳಲ್ಲ. ಚಳಿಗಾಲದಲ್ಲಿ ಕಾಫಿಯ ಕೊಯ್ಲು. ಆಗ ಕೂಲಿಯ ಹಣ ಸಂತೆಗೆ ಇಳಿಯುತ್ತದೆ. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಶಾಲೆಗಳಿಗೆ ರಜೆ; ಆಗ ಬಯಲುಸೀಮೆಯವರು ತಂಪನ್ನು ಅರಸಿ ಬೆಟ್ಟ ಹತ್ತುತ್ತಾರೆ. ಜೂನ್ ತಿಂಗಳಲ್ಲಿ ಮಳೆ ಹಿಡಿಯಿತೆಂದರೆ ಪೇಟೆಯ ಬೀದಿಗಳು ಬರಿದಾಗುತ್ತವೆ. ಬೇಸಗೆಯಲ್ಲಿ ಗಳಿಸಿದುದನ್ನು ಮಳೆಗಾಲದಲ್ಲಿ ತಿನ್ನಬೇಕು. ಅದೇ ಅಲ್ಲಿಯ ಅರ್ಥಶಾಸ್ತ್ರ.

ಈ ಎರಡು ತಿಂಗಳ ಬೆಳೆಯನ್ನು ನಂಬಿದವರು ಒಬ್ಬಿಬ್ಬರಲ್ಲ. ಮಡಿಕೇರಿಯ ರಾಜಾಸೀಟಿನ ಬಳಿ ಜೋಳದ ತೆನೆ ಸುಡುವವರು, ಅಬ್ಬಿ ಜಲಪಾತದ ದಾರಿಯಲ್ಲಿ ಎಳನೀರು ಕೊಚ್ಚುವವರು, ಮಾಂದಲಪಟ್ಟಿಯ ಬೆಟ್ಟಕ್ಕೆ ಜೀಪು ಓಡಿಸುವವರು, ಭಾಗಮಂಡಲದಲ್ಲಿ ಹಣ್ಣುಕಾಯಿ ಮಾರುವವರು, ಜೇನು, ಏಲಕ್ಕಿ, ಕರಿಮೆಣಸು, ಮನೆಯಲ್ಲಿ ಮಾಡಿದ ಚಾಕೊಲೇಟು ಇವುಗಳನ್ನು ಪೊಟ್ಟಣ ಕಟ್ಟಿ ಜೋಡಿಸಿಟ್ಟ ಅಂಗಡಿಯವರು, ತಮ್ಮ ಮನೆಯ ಎರಡು ಕೋಣೆಗಳನ್ನು ಅತಿಥಿಗಳಿಗೆ ಬಿಟ್ಟುಕೊಟ್ಟು ಅಡುಗೆ ಮಾಡಿ ಬಡಿಸುವ ಗೃಹಿಣಿಯರು, ಆ ಮನೆಗಳ ಹೊದಿಕೆಗಳನ್ನು ಒಗೆದುಕೊಡುವ ಮಡಿವಾಳರು. ಹೀಗೆ ಒಂದರ ಬೆನ್ನಿಗೆ ಇನ್ನೊಂದಾಗಿ ಕೋದ ಸರ ಅದು.

ಸಾಂಕ್ರಾಮಿಕ ಬರುವುದಕ್ಕೆ ಮುಂಚೆಯೇ ಈ ಸರ ಸಡಿಲವಾಗಿದ್ದಿತು. ೨೦೧೮ರ ಆಗಸ್ಟಿನಲ್ಲಿ ಬೆಟ್ಟಗಳು ಕುಸಿದು ಊರುಗಳನ್ನೇ ನುಂಗಿದುವು. ೨೦೧೯ರ ಆಗಸ್ಟಿನಲ್ಲಿ ಮತ್ತೆ ನೆರೆ, ಮತ್ತೆ ಕುಸಿತ. ಎರಡು ವರ್ಷಗಳ ನಷ್ಟವನ್ನು ಮೂರನೆಯ ಬೇಸಗೆಯಲ್ಲಿ ತುಂಬಿಕೊಳ್ಳೋಣವೆಂದು ಜನ ಕಾದಿದ್ದಾಗ, ೨೦೨೦ರ ಮಾರ್ಚಿಯಲ್ಲಿ ಜಿಲ್ಲೆಯಲ್ಲಿ ಮೊದಲ ಸೋಂಕು ಕಾಣಿಸಿಕೊಂಡಿತು. ಮಾರ್ಚಿ ೨೫ರಿಂದ ದೇಶಕ್ಕೆಲ್ಲ ಬೀಗ ಬಿದ್ದಿತು. ಕೇರಳಕ್ಕೆ ಇಳಿಯುವ ಮಾಕುಟ್ಟದ ದಾರಿಗೆ ಮಣ್ಣು ಸುರಿದು ಸಂಚಾರವನ್ನು ತಡೆಯಲಾಯಿತು. ಬೇಸಗೆ ಕಳೆಯಿತು, ಮಳೆ ಬಂದಿತು, ಆಗಸ್ಟ್ ೬ರಂದು ತಲಕಾವೇರಿಯ ಬಳಿಯ ಗಜಗಿರಿ ಬೆಟ್ಟ ಕುಸಿಯಿತು. ಮರುವರ್ಷ ೨೦೨೧ರ ಏಪ್ರಿಲ್ ೨೭ರಿಂದ ರಾಜ್ಯಕ್ಕೆ ಎರಡನೆಯ ಬಾರಿ ಬೀಗ. ಆಗಲೂ ಹೋದುದು ಬೇಸಗೆಯೇ. ಜುಲೈ ೫ರಂದು ರಾಜ್ಯದ ಉಳಿದ ಜಿಲ್ಲೆಗಳಲ್ಲಿ ನಿರ್ಬಂಧಗಳನ್ನು ಸಡಿಲಿಸಿದಾಗ ಕೊಡಗನ್ನು ಮಾತ್ರ ಆ ಸಡಿಲಿಕೆಯಿಂದ ಹೊರಗಿಡಲಾಯಿತು. ಅಲ್ಲಿ ರೋಗ ಇನ್ನೂ ಇಳಿದಿರಲಿಲ್ಲ. ಎರಡು ವರ್ಷಗಳಲ್ಲಿ ಎರಡು ಸುಗ್ಗಿಗಳು ಹೀಗೆ ಕೈತಪ್ಪಿದುವು.

ಎರಡು ಘೋಷಣೆಗಳು

ಆಗ ಮುಖ್ಯಮಂತ್ರಿಗಳಾಗಿದ್ದ ಶ್ರೀ ಬಿ. ಎಸ್. ಯಡಿಯೂರಪ್ಪನವರು ೨೦೨೦ರ ಮೇ ೬ರಂದು ೧,೬೧೦ ಕೋಟಿ ರೂಪಾಯಿಗಳ ಪರಿಹಾರವನ್ನು ಘೋಷಿಸಿದರು. ೬೦,೦೦೦ ಅಗಸರಿಗೆ, ೨,೩೦,೦೦೦ ಕ್ಷೌರಿಕರಿಗೆ, ೭,೭೫,೦೦೦ ಆಟೋ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ ೫,೦೦೦ ರೂಪಾಯಿ. ಹೂವು ಬೆಳೆದವರಿಗೆ ಹೆಕ್ಟೇರಿಗೆ ೨೫,೦೦೦ ರೂಪಾಯಿ. ಸಣ್ಣ ಕೈಗಾರಿಕೆಗಳಿಗೆ ಎರಡು ತಿಂಗಳ ವಿದ್ಯುತ್ತಿನ ನಿಗದಿತ ಶುಲ್ಕದ ಮನ್ನಾ. ಇವು ಅದರ ಮುಖ್ಯ ಅಂಶಗಳು. ಕುಲಕಸಬಿನ ಸಾಮಾನ್ಯರನ್ನು ಹೆಸರು ಹಿಡಿದು ಕರೆದು ಹಣ ಕೊಡುವೆನೆಂದು ಸರಕಾರ ಹೇಳಿದುದು ಶ್ಲಾಘನೀಯವಾದ ಸಂಗತಿಯೇ ಸರಿ.

ಮರುವರ್ಷ ಮೇ ೧೯ರಂದು ಮತ್ತೊಂದು ಘೋಷಣೆ. ಅದರ ಮೊತ್ತ ೧,೨೫೦ ಕೋಟಿ. ಈ ಸಲ ಚಾಲಕರಿಗೆ ೩,೦೦೦ ರೂಪಾಯಿ. ಕ್ಷೌರಿಕರು, ಅಗಸರು, ಹೊಲಿಗೆಯವರು, ಹಮಾಲರು, ಚಿಂದಿ ಆಯುವವರು, ಕುಂಬಾರರು, ಅಕ್ಕಸಾಲಿಗರು, ಯಂತ್ರ ರಿಪೇರಿಯವರು, ಕಮ್ಮಾರರು, ಮನೆಗೆಲಸದವರು, ಚಮ್ಮಾರರು ಇವರಿಗೆಲ್ಲ ೨,೦೦೦ ರೂಪಾಯಿ. ಬೀದಿಬದಿಯ ವ್ಯಾಪಾರಿಗಳಿಗೂ ೨,೦೦೦ ರೂಪಾಯಿ.

ಎರಡು ಘೋಷಣೆಗಳ ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ೨೦೨೦ರಲ್ಲಿ ಚಾಲಕರ ಸಂಖ್ಯೆ ೭.೭೫ ಲಕ್ಷ, ೨೦೨೧ರಲ್ಲಿ ಸರಕಾರವೇ ಹೇಳಿದ ಸಂಖ್ಯೆ ೨.೧೦ ಲಕ್ಷ. ಮೊದಲ ವರ್ಷ ಅಗಸರು ಮತ್ತು ಕ್ಷೌರಿಕರೆಂಬ ಎರಡೇ ಕಸಬುಗಳವರು ೨.೯೦ ಲಕ್ಷ, ಎರಡನೆಯ ವರ್ಷ ಹನ್ನೊಂದು ಕಸಬುಗಳವರು ಸೇರಿ ೩.೦೪ ಲಕ್ಷ. ಹನ್ನೆರಡು ತಿಂಗಳಲ್ಲಿ ನಾಡಿನ ಚಾಲಕರು ಕಾಲುಭಾಗದ ಹತ್ತಿರಕ್ಕೆ ಇಳಿದಿರಲಾರರು. ಕ್ಷೌರಿಕರು ಕತ್ತರಿಯನ್ನು ಕೆಳಗಿಟ್ಟಿರಲಾರರು. ಮೊದಲ ಸಂಖ್ಯೆ ನಾಡಿನಲ್ಲಿ ಇರಬಹುದಾದ ಜನರ ಅಂದಾಜು. ಎರಡನೆಯದು ಸೇವಾಸಿಂಧುವಿನ ಅರ್ಜಿಯ ಜರಡಿಯಲ್ಲಿ ನಿಲ್ಲಬಲ್ಲ ಜನರ ಅಂದಾಜು. ಇವೆರಡರ ನಡುವಣ ಅಂತರದಲ್ಲಿಯೇ ದಿಡ್ಡಿಬಾಗಿಲು ಇರುವುದು.

ಆ ಜರಡಿಯ ಕಣ್ಣುಗಳನ್ನು ಒಂದೊಂದಾಗಿ ನೋಡಬಹುದು. ಚಾಲಕನಿಗೆ ಚಾಲನೆಯ ಪರವಾನಗಿ ಬೇಕು. ಓಡಿಸುವ ಬಂಡಿ ಬಾಡಿಗೆಯ ವಾಹನವೆಂದು ನೋಂದಾವಣೆಯಾಗಿರಬೇಕು. ಮಾಂದಲಪಟ್ಟಿಯ ದಾರಿಯಲ್ಲಿ ಹಳದಿ ಫಲಕದ ಜೀಪಿನವನು ಇದನ್ನು ದಾಟಿಯಾನು. ಬಿಳಿ ಫಲಕದವನು ದಾಟಲಾರ, ಇಬ್ಬರ ಹಸಿವೂ ಒಂದೇ ಆದರೂ. ಕಸಬಿನವನಿಗೆ ಕಸಬಿನ ಪ್ರಮಾಣಪತ್ರ ಬೇಕು. ಆಧಾರ್ ಸಂಖ್ಯೆಗೆ ಜೋಡಿಸಿದ ಬ್ಯಾಂಕಿನ ಖಾತೆ ಬೇಕು. ಬಡತನದ ರೇಖೆಗಿಂತ ಕೆಳಗಿನವರ ಪಡಿತರ ಚೀಟಿ ಬೇಕು. ಕೊಡಗಿನಲ್ಲಿ ಈ ಕೊನೆಯ ಷರತ್ತು ವಿಚಿತ್ರವಾಗಿ ಕೆಲಸ ಮಾಡುತ್ತದೆ. ಮನೆತನಕ್ಕೆ ಸ್ವಲ್ಪ ತೋಟವಿದೆಯೆಂದೋ ಹಳೆಯದೊಂದು ಜೀಪಿದೆಯೆಂದೋ ಆ ಚೀಟಿ ಸಿಕ್ಕದ ಸಂಸಾರದಲ್ಲಿ, ಮಗಳು ಪೇಟೆಯಲ್ಲಿ ಹೊಲಿಗೆಯಂತ್ರವಿಟ್ಟು ದಿನಗೂಲಿಯಷ್ಟೇ ಸಂಪಾದಿಸುತ್ತಿರಬಹುದು. ಬೀಗ ಬಿದ್ದಾಗ ನಿಂತುದು ಆ ಹೊಲಿಗೆಯಂತ್ರ. ಆದರೆ ನಿಯಮ ನೋಡಿದುದು ಮನೆಯ ಚೀಟಿಯ ಬಣ್ಣವನ್ನು, ನಿಂತ ಯಂತ್ರವನ್ನಲ್ಲ.

ಇನ್ನು ಅರ್ಜಿ ಸಲ್ಲಿಸುವ ಬಗೆ. ೨೦೨೧ರ ಅರ್ಜಿಗಳ ಕಾಲಕ್ಕೆ ಮುಂಗಾರು ಕೊಡಗಿಗೆ ಕಾಲಿಟ್ಟಿತ್ತು. ಗಾಳಿಗೆ ಮರ ಬಿದ್ದು ವಿದ್ಯುತ್ತು ಹೋಗುವ, ದೂರವಾಣಿಯ ಸಂಕೇತಕ್ಕಾಗಿ ಗುಡ್ಡ ಹತ್ತಬೇಕಾದ ಹಳ್ಳಿಗಳಿಂದ, ಹೊರಗೆ ಹೆಜ್ಜೆಯಿಡಬಾರದೆಂಬ ನಿರ್ಬಂಧವಿರುವಾಗ, ಗಣಕಯಂತ್ರದ ಮೂಲಕ ಅರ್ಜಿ ಹಾಕಬೇಕಾಗಿದ್ದಿತು. ಎರಡು ಸಾವಿರ ರೂಪಾಯಿಗಾಗಿ ಎರಡು ದಿನ ಅಲೆದವನು ಮೂರನೆಯ ದಿನ ಮನೆಯಲ್ಲಿ ಕುಳಿತರೆ ಅವನನ್ನು ಅನರ್ಹನೆನ್ನಲಾಗದು. ಆದರೆ ಲೆಕ್ಕದ ಪುಸ್ತಕಕ್ಕೆ ಅನರ್ಹನೂ ಒಂದೇ, ಅರ್ಜಿ ಹಾಕದವನೂ ಒಂದೇ.

ಊರಿನ ಗಡಿ, ನಿಯಮದ ಗಡಿ

ಎಲ್ಲಕ್ಕಿಂತಲೂ ಚಿಂತನೀಯವಾದುದು ಬೀದಿಬದಿಯ ವ್ಯಾಪಾರಿಗಳ ವಿಷಯ. ಕೇಂದ್ರ ಸರಕಾರವು ೨೦೨೦ರ ಜೂನ್ ೧ರಂದು ಪ್ರಧಾನಮಂತ್ರಿ ಸ್ವನಿಧಿ ಯೋಜನೆಯನ್ನು ಆರಂಭಿಸಿತು. ಒತ್ತೆಯಿಲ್ಲದೆ ೧೦,೦೦೦ ರೂಪಾಯಿ ಸಾಲ, ಸಕಾಲದಲ್ಲಿ ತೀರಿಸಿದವರಿಗೆ ನೂರಕ್ಕೆ ೭ರಂತೆ ಬಡ್ಡಿಯಲ್ಲಿ ಸಹಾಯ, ಮುಂದೆ ೨೦,೦೦೦ ಮತ್ತು ೫೦,೦೦೦ ರೂಪಾಯಿಗಳ ಸಾಲಕ್ಕೆ ದಾರಿ. ತಳ್ಳುಗಾಡಿಯವರನ್ನು ಬ್ಯಾಂಕಿನ ಮೆಟ್ಟಿಲು ಹತ್ತಿಸಿದ ಯೋಜನೆ ಅದು. ೨೦೨೦ರ ಮಾರ್ಚಿ ೨೪ರಂದು ಅಥವಾ ಅದಕ್ಕೆ ಮುಂಚೆ ನಗರಪ್ರದೇಶದಲ್ಲಿ ಮಾರಾಟ ಮಾಡುತ್ತಿದ್ದವರು ಅದಕ್ಕೆ ಅರ್ಹರು. ಸಮೀಕ್ಷೆಯಲ್ಲಿ ಹೆಸರು ಬಿಟ್ಟುಹೋದವರಿಗೂ, ಸುತ್ತಲಿನ ಹಳ್ಳಿಗಳಿಂದ ಬಂದು ನಗರದಲ್ಲಿ ಮಾರುವವರಿಗೂ ನಗರಸಂಸ್ಥೆಯ ಶಿಫಾರಸು ಪತ್ರವಿದ್ದರೆ ಸಾಕೆಂದು ನಿಯಮ ಮಾಡಿದುದು ವಿವೇಕದ ಮಾತು.

ಆದರೆ ಆ 'ನಗರ' ಎಂಬ ಒಂದು ಶಬ್ದವೇ ಕೊಡಗಿನಲ್ಲಿ ಗೋಡೆಯಾಯಿತು. ೨೦೨೦ರಲ್ಲಿ ಆ ಜಿಲ್ಲೆಯಲ್ಲಿದ್ದ ನಗರಸಂಸ್ಥೆಗಳು ನಾಲ್ಕೇ: ಮಡಿಕೇರಿಯ ನಗರಸಭೆ, ವಿರಾಜಪೇಟೆ, ಕುಶಾಲನಗರ, ಸೋಮವಾರಪೇಟೆಗಳ ಪಟ್ಟಣ ಪಂಚಾಯತಿಗಳು. ದಕ್ಷಿಣ ಕೊಡಗಿನ ವ್ಯಾಪಾರಕ್ಕೆ ಹೃದಯದಂತಿರುವ, ದಸರಾ ಉತ್ಸವಕ್ಕೆ ಹೆಸರಾದ ಗೋಣಿಕೊಪ್ಪಲು ಆಗ ಗ್ರಾಮಪಂಚಾಯತಿ. ಸಿದ್ದಾಪುರ, ಸುಂಟಿಕೊಪ್ಪ, ನಾಪೋಕ್ಲು ಇವೂ ಗ್ರಾಮಪಂಚಾಯತಿಗಳೇ. ಸಾಲುಸಾಲು ಅಂಗಡಿಗಳು, ಬಸ್ಸಿನ ನಿಲ್ದಾಣ, ವಾರದ ಸಂತೆ, ಬೀದಿಯ ಎರಡೂ ಬದಿಗಳಲ್ಲಿ ಬುಟ್ಟಿ ಇಟ್ಟು ಕುಳಿತವರು ಎಲ್ಲವೂ ಅಲ್ಲಿದ್ದರೂ ಶಾಸನದ ದೃಷ್ಟಿಯಲ್ಲಿ ಅವು ಹಳ್ಳಿಗಳು. ೨೦೧೪ರ ಬೀದಿಬದಿ ವ್ಯಾಪಾರಿಗಳ ಕಾನೂನು ನಗರಗಳಿಗೆ ಸಂಬಂಧಿಸಿದುದಾದ್ದರಿಂದ ಹಳ್ಳಿಯಲ್ಲಿ ಅಂಥ ವ್ಯಾಪಾರಿಗಳ ಸಮೀಕ್ಷೆಯೂ ಇಲ್ಲ, ಗುರುತಿನ ಚೀಟಿಯೂ ಇಲ್ಲ.

ಇದರ ಫಲವೇನೆಂಬುದನ್ನು ಊಹಿಸಿಕೊಳ್ಳಬಹುದು. ಹಳ್ಳಿಯಿಂದ ಸೊಪ್ಪುತರಕಾರಿ ಹೊತ್ತು ಬರುವ ಹೆಂಗಸೊಬ್ಬಳು ಶುಕ್ರವಾರ ಮಡಿಕೇರಿಯ ಸಂತೆಯಲ್ಲಿ ಕುಳಿತರೆ ನಗರಸಭೆಯ ಶಿಫಾರಸಿನಿಂದ ಅರ್ಹಳು. ಅದೇ ಬುಟ್ಟಿ, ಅದೇ ತಕ್ಕಡಿ, ಅದೇ ಹೆಂಗಸು ಗೋಣಿಕೊಪ್ಪಲಿನಲ್ಲಿ ಕುಳಿತರೆ ಅನರ್ಹಳು. ಸಂಗತಿ ಇಲ್ಲಿಗೇ ಮುಗಿಯಲಿಲ್ಲ. ೨೦೨೧ರಲ್ಲಿ ರಾಜ್ಯ ಸರಕಾರವು ೨.೨೦ ಲಕ್ಷ ಬೀದಿ ವ್ಯಾಪಾರಿಗಳಿಗೆ ೨,೦೦೦ ರೂಪಾಯಿ ಕೊಡುವಾಗ, ಕೇಂದ್ರದ ಈ ಯೋಜನೆಯಲ್ಲಿ ನೋಂದಾವಣೆಯಾದವರಿಗೆಂದು ಗೊತ್ತುಪಡಿಸಿತು. ಸಿದ್ಧವಾದ ಪಟ್ಟಿಯೊಂದಿದ್ದರೆ ಹಣ ಬೇಗ ಮುಟ್ಟುತ್ತದೆ, ಅದು ನಿಜ. ಆದರೆ ಮೊದಲ ಪಟ್ಟಿಯಿಂದ ಹೊರಗುಳಿದವರು ಎರಡನೆಯ ನೆರವಿನಿಂದಲೂ ತಾವಾಗಿಯೇ ಹೊರಗುಳಿಯುತ್ತಾರೆ. ಒಂದು ತಪ್ಪು ಇನ್ನೊಂದು ತಪ್ಪನ್ನು ಹೆರುವುದು ಹೀಗೆ. ಮಧ್ಯಪ್ರದೇಶವು ೨೦೨೦ರಲ್ಲಿಯೇ ಹಳ್ಳಿಗಳ ಬೀದಿ ವ್ಯಾಪಾರಿಗಳಿಗಾಗಿ ೧೦,೦೦೦ ರೂಪಾಯಿಗಳ ಬಡ್ಡಿರಹಿತ ಸಾಲದ ಬೇರೆ ಯೋಜನೆಯನ್ನು ತಂದುದನ್ನು ನೋಡಿದರೆ, ಈ ಗೋಡೆಯಲ್ಲಿ ಕಿಂಡಿ ತೆರೆಯುವುದು ಅಸಾಧ್ಯವಾಗಿರಲಿಲ್ಲವೆಂದು ಹೇಳಬೇಕಾಗುತ್ತದೆ.

ಸಾಲವಿದ್ದವನಿಗೇ ಸಾಲ

ಸ್ವಲ್ಪ ಮೇಲಿನ ಮೆಟ್ಟಿಲಿನ ವ್ಯಾಪಾರಿಗಳಿಗೆ ಕೇಂದ್ರ ಸರಕಾರ ೨೦೨೦ರ ಮೇ ತಿಂಗಳಲ್ಲಿ ಸಾರಿದುದು ೩ ಲಕ್ಷ ಕೋಟಿ ರೂಪಾಯಿಗಳ ತುರ್ತು ಸಾಲದ ಭರವಸೆ. ೨೦೨೦ರ ಫೆಬ್ರವರಿ ೨೯ರಂದು ಬ್ಯಾಂಕಿನಲ್ಲಿ ಬಾಕಿಯಿದ್ದ ಸಾಲದ ನೂರಕ್ಕೆ ೨೦ರಷ್ಟನ್ನು ಹೊಸದಾಗಿ ಕೊಡುವುದು, ಅದಕ್ಕೆ ಸರಕಾರವೇ ಹೊಣೆ ನಿಲ್ಲುವುದು. ಇದು ಅದರ ತಿರುಳು. ೨೦೨೧ರ ಮಾರ್ಚಿಯಲ್ಲಿ ಹೋಟೆಲು, ಪ್ರಯಾಣ, ಪ್ರವಾಸೋದ್ಯಮಗಳಿಗೆ ಈ ಪ್ರಮಾಣವನ್ನು ನೂರಕ್ಕೆ ೪೦ಕ್ಕೆ ಏರಿಸಿದರು. ಬ್ಯಾಂಕಿನ ಸಾಲವಿದ್ದ ಹೋಟೆಲಿಗೆ ಇದರಿಂದ ಉಸಿರು ಬಂದಿತು. ಆದರೆ ಸಾಲವನ್ನೇ ಮಾಡದೆ, ಕೂಡಿಟ್ಟ ಹಣದಿಂದಲೋ ಹೆಂಡತಿಯ ಒಡವೆಯಿಂದಲೋ ಅಂಗಡಿಯಿಟ್ಟವನಿಗೆ ಸೊನ್ನೆಯ ನೂರಕ್ಕೆ ೨೦ ಸಹ ಸೊನ್ನೆಯೇ. ಸಾಲಕ್ಕೆ ಹೆದರಿ ಮಿತವಾಗಿ ಬಾಳಿದುದು ಆಪತ್ಕಾಲದಲ್ಲಿ ಅವನಿಗೆ ಅಡ್ಡಿಯಾಯಿತು.

ಮತ್ತೊಂದು ಸೂಕ್ಷ್ಮವೂ ಉಂಟು. ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳೆಂಬ ವರ್ಗದಲ್ಲಿ ವಸ್ತುವನ್ನು ತಯಾರಿಸುವವನಿಗೂ ಸೇವೆ ಸಲ್ಲಿಸುವವನಿಗೂ ಸ್ಥಾನವಿದ್ದಿತು. ಕೊಂಡು ಮಾರುವ ಅಂಗಡಿಯವನಿಗೆ ಇರಲಿಲ್ಲ. ೨೦೨೧ರ ಜುಲೈ ೨ರಂದು, ಎರಡನೆಯ ಬೀಗವೂ ಬಹುತೇಕ ತೆರೆದ ಮೇಲೆ, ಚಿಲ್ಲರೆ ಮತ್ತು ಸಗಟು ವ್ಯಾಪಾರಿಗಳನ್ನು ಆ ವರ್ಗಕ್ಕೆ ಸೇರಿಸಲಾಯಿತು. ಅದೂ ಬ್ಯಾಂಕುಗಳ ಆದ್ಯತೆಯ ಸಾಲದ ಮಟ್ಟಿಗೆ ಮಾತ್ರ. ಏಲಕ್ಕಿ ಮಾರುವವನು 'ಉದ್ಯಮ'ದವನಾದುದು ಅವನ ಎರಡು ಸುಗ್ಗಿಗಳು ಮುಗಿದುಹೋದ ಬಳಿಕ.

ಅತಿಥಿಗಳನ್ನಿರಿಸಿಕೊಳ್ಳುವ ಮನೆಗಳ ಸಮಸ್ಯೆ ಬೇರೆ ಬಗೆಯದು. ೨೦೨೧ರಲ್ಲಿ ರಾಜ್ಯ ಸರಕಾರ ಹೋಟೆಲು ಮತ್ತು ರೆಸಾರ್ಟುಗಳಿಗೆ ಆ ವರ್ಷದ ಆಸ್ತಿತೆರಿಗೆಯಲ್ಲಿ ಅರ್ಧವನ್ನು ಬಿಟ್ಟಿತು. ಮೂರು ತಿಂಗಳ ವಿದ್ಯುತ್ತಿನ ನಿಗದಿತ ಶುಲ್ಕವನ್ನು ಮನ್ನಾ ಮಾಡಿತು. ಇಲಾಖೆಯಲ್ಲಿ ನೋಂದಾವಣೆಯಾದ ಪ್ರವಾಸಿ ಮಾರ್ಗದರ್ಶಿಗಳಿಗೆ ೫,೦೦೦ ರೂಪಾಯಿ ಕೊಟ್ಟಿತು. ತೆರಿಗೆಯ ವಿನಾಯಿತಿ ಕಟ್ಟಡದ ಒಡೆಯನಿಗೆ ಸಿಕ್ಕುವುದು; ಅದೇ ಕಟ್ಟಡದಲ್ಲಿ ಬಾಡಿಗೆಗೆ ಉಪಾಹಾರಗೃಹ ನಡೆಸುವವನಿಗೆ ಒಡೆಯನ ಮನಸ್ಸೇ ಗತಿ. ಮನೆಯ ಸಾಧಾರಣ ವಿದ್ಯುತ್ತಿನಲ್ಲಿ ಎರಡು ಕೋಣೆಗಳನ್ನು ನಡೆಸುವ ಗೃಹಿಣಿಗೆ ಉದ್ಯಮದ ಶುಲ್ಕದ ಮನ್ನಾದಿಂದ ಬರುವುದೇನೂ ಇಲ್ಲ. ಇದರೊಡನೆ ಕೊಡಗಿಗೇ ವಿಶಿಷ್ಟವಾದ ತೊಡಕೊಂದುಂಟು. ಜಮ್ಮಾ ಜಮೀನಿನ ದಾಖಲೆಗಳು ಒಕ್ಕದ ಪಟ್ಟೇದಾರನ ಹೆಸರಿನಲ್ಲಿ ಇರುವುದು ರೂಢಿ. ಆ ಮನೆಯಲ್ಲಿ ವಾಸವಾಗಿದ್ದು ಅತಿಥಿಗಳನ್ನು ನೋಡಿಕೊಳ್ಳುವವನ ಹೆಸರು ಕಾಗದದಲ್ಲಿ ಕಾಣಿಸದಿದ್ದರೆ ಬ್ಯಾಂಕೂ ಕಛೇರಿಯೂ ಅವನನ್ನು ಗುರುತಿಸಲು ಹಿಂದೆಮುಂದೆ ನೋಡುತ್ತವೆ.

ನೋಂದಾವಣೆಯಿಲ್ಲದೆ ಅತಿಥಿಗೃಹ ನಡೆಸಿದವರು ಸಹ ಇದ್ದಾರೆಂಬುದನ್ನು ಮರೆಯಬಾರದು. ಸುಗ್ಗಿಯಲ್ಲಿ ಸರಕಾರಕ್ಕೆ ತನ್ನ ವ್ಯಾಪಾರವನ್ನು ಮರೆಮಾಚಿದವನು ಬರಗಾಲದಲ್ಲಿ ಅದೇ ವ್ಯಾಪಾರಕ್ಕೆ ಪರಿಹಾರ ಕೇಳುವುದು ನ್ಯಾಯವೆ ಎಂದು ಕ್ರಮವಾಗಿ ಶುಲ್ಕ ತೆತ್ತ ನೆರೆಯವನು ಕೇಳಿದರೆ, ಆ ಪ್ರಶ್ನೆಯಲ್ಲಿ ಹುರುಳಿದೆ. ಆದರೆ ಬೇಕೆಂದು ಮರೆಮಾಚಿದವನನ್ನೂ, ನೋಂದಾಯಿಸಲು ದಾರಿಯೇ ಇಲ್ಲದ ಸಂತೆಯ ಹೆಂಗಸನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ನಿಯಮವನ್ನು ನ್ಯಾಯವೆನ್ನುವುದು ಕಷ್ಟ.

ಹೊರದೇಶಗಳಲ್ಲಿ

ಇಂಥ ತೊಡಕು ಕೇವಲ ನಮ್ಮ ದೇಶದ್ದೆಂದು ತಿಳಿಯಬೇಕಾಗಿಲ್ಲ. ಇಂಗ್ಲೆಂಡಿನಲ್ಲಿ ೨೦೨೦ರ ಮಾರ್ಚಿಯಲ್ಲಿ ಸಣ್ಣ ವ್ಯಾಪಾರಗಳಿಗೆ ೧೦,೦೦೦ ಪೌಂಡು, ಅಂಗಡಿ ಹೋಟೆಲುಗಳಲ್ಲಿ ಸ್ವಲ್ಪ ದೊಡ್ಡವಕ್ಕೆ ೨೫,೦೦೦ ಪೌಂಡು ಅನುದಾನವೆಂದು ಸಾರಿದರು. ಅರ್ಹತೆಯನ್ನು ವ್ಯಾಪಾರದ ಕಟ್ಟಡದ ತೆರಿಗೆಗೆ ಗಂಟುಹಾಕಿದರು. ತೆರಿಗೆಯ ಪುಸ್ತಕ ಸ್ಥಳೀಯ ಸಂಸ್ಥೆಯಲ್ಲಿ ಸಿದ್ಧವಾಗಿದ್ದುದರಿಂದ ಹಣ ಬೇಗನೆ ಹೊರಟಿತು. ಆದರೆ ಸಂತೆಯಲ್ಲಿ ಮಾರುವವರಿಗೆ ಕಟ್ಟಡವೇ ಇಲ್ಲ. ಮನೆಯಲ್ಲಿ ಅತಿಥಿಗಳಿಗೆ ಹಾಸಿಗೆ ಮತ್ತು ಬೆಳಗಿನ ತಿಂಡಿ ಒದಗಿಸುವವರು ತೆರುವುದು ವಾಸದ ಮನೆಯ ತೆರಿಗೆ. ಈ ಎರಡು ವರ್ಗದವರೂ ಹೊರಗುಳಿದರು. ಕೊಡಗಿನ ಸಂತೆಯವಳಿಗೂ ಅತಿಥಿಗೃಹದ ಗೃಹಿಣಿಗೂ ಆದುದೇ ಅಲ್ಲಿಯೂ ಆಯಿತು. ವ್ಯತ್ಯಾಸವಿಷ್ಟೆ: ಮೇ ತಿಂಗಳಲ್ಲಿ ಆ ಸರಕಾರ ತನ್ನ ಅನುದಾನದ ಒಂದು ಭಾಗವನ್ನು ಸ್ಥಳೀಯ ಸಂಸ್ಥೆಗಳ ವಿವೇಚನೆಗೆ ಬಿಟ್ಟುಕೊಟ್ಟು, ಇಂಥವರನ್ನು ಹೆಸರಿಸಿಯೇ ಗಮನಿಸಿರೆಂದು ತಿಳಿಸಿತು.

ಜರ್ಮನಿಯವರು ಇನ್ನೊಂದು ದಾರಿ ಹಿಡಿದರು. ಐವರವರೆಗೆ ಕೆಲಸದವರುಳ್ಳ ವ್ಯಾಪಾರಕ್ಕೆ ೯,೦೦೦ ಯೂರೋವರೆಗೆ, ಹತ್ತು ಮಂದಿಯವರೆಗೆ ಇದ್ದರೆ ೧೫,೦೦೦ ಯೂರೋವರೆಗೆ, ಹೆಚ್ಚು ವಿಚಾರಣೆಯಿಲ್ಲದೆ ಕೊಟ್ಟರು. ಅರ್ಜಿದಾರನ ಮಾತನ್ನೇ ಮೊದಲು ನಂಬಿ, ಪರಿಶೀಲನೆಯನ್ನು ಅನಂತರಕ್ಕೆ ಇಟ್ಟುಕೊಂಡರು. ಮುಂದೆ ಎಷ್ಟೋ ಮಂದಿಗೆ ಹಣವನ್ನು ಹಿಂದಿರುಗಿಸಿರೆಂದು ಪತ್ರಗಳು ಬಂದುವು. ವ್ಯಾಜ್ಯಗಳು ನ್ಯಾಯಾಲಯದ ಮೆಟ್ಟಿಲೇರಿದುವು. ಅಮೆರಿಕದಲ್ಲಿ ಬಾಗಿಲನ್ನು ಅಗಲವಾಗಿ ತೆರೆದುದರ ಫಲ ಮತ್ತೂ ಘೋರ. ಅಲ್ಲಿಯ ಸಣ್ಣ ವ್ಯಾಪಾರಗಳ ಆಡಳಿತದ ತನಿಖಾಧಿಕಾರಿಯ ಕಛೇರಿ ೨೦೨೩ರಲ್ಲಿ ಅಂದಾಜು ಮಾಡಿದಂತೆ, ಸಾಂಕ್ರಾಮಿಕದ ಕಾಲದ ಸಾಲ ಮತ್ತು ನೆರವುಗಳಲ್ಲಿ ೨೦,೦೦೦ ಕೋಟಿ ಡಾಲರಿಗೂ ಹೆಚ್ಚಿನ ಮೊತ್ತ ಮೋಸಗಾರರ ಕೈಸೇರಿದ ಸಂಭವವಿದೆ. ಆದುದರಿಂದ ಕಾಗದ ಕೇಳುವ ಗುಮಾಸ್ತನನ್ನು ಸುಮ್ಮನೆ ಹಳಿಯುವಂತಿಲ್ಲ. ಬಾಗಿಲು ಕಿರಿದಾದರೆ ಬಡವ ಹೊರಗುಳಿಯುತ್ತಾನೆ. ಅಗಲವಾದರೆ ಕಳ್ಳ ಒಳಹೋಗುತ್ತಾನೆ.

ಹಿಂದಿನವರ ಪರೀಕ್ಷೆ

ಈ ಇಕ್ಕಟ್ಟು ಹೊಸದೂ ಅಲ್ಲ. ೧೮೭೬-೭೮ರ ಮಹಾಕ್ಷಾಮದಲ್ಲಿ ಮೈಸೂರು ಸೀಮೆಯೂ ಮದರಾಸು ಪ್ರಾಂತ್ಯವೂ ಪಟ್ಟ ಪಾಡು ಇತಿಹಾಸದಲ್ಲಿದೆ. ಅದರ ಬಳಿಕ ೧೮೮೦ರಲ್ಲಿ ಕ್ಷಾಮ ಆಯೋಗವು ಕೊಟ್ಟ ಸಲಹೆಯ ಸಾರ ಇದು: ಶಕ್ತಿಯುಳ್ಳವನಿಗೆ ಕೆರೆ ರಸ್ತೆಗಳ ಕೆಲಸ ಕೊಟ್ಟು ಕೂಲಿ ಕೊಡಬೇಕು, ಅಶಕ್ತನಿಗೆ ಧರ್ಮಾರ್ಥವಾಗಿ ಕೊಡಬೇಕು. ಬಿಸಿಲಿನಲ್ಲಿ ಮಣ್ಣು ಹೊರಲು ಬಂದವನು ನಿಜವಾಗಿಯೂ ಹಸಿದವನೆಂದು ಅವರ ತರ್ಕ. ಅದು ಕಠಿಣವಾದ, ಅನೇಕ ವೇಳೆ ನಿರ್ದಯವಾದ ಪರೀಕ್ಷೆ. ಆದರೆ ಅದು ಮನುಷ್ಯನ ಸ್ಥಿತಿಯನ್ನು ನೋಡುತ್ತಿದ್ದಿತೇ ಹೊರತು ಅವನ ಪೆಟ್ಟಿಗೆಯಲ್ಲಿನ ಕಾಗದವನ್ನಲ್ಲ. ಈಗಿನ ಪರೀಕ್ಷೆ ಮೈಯನ್ನು ದಂಡಿಸುವುದಿಲ್ಲ. ಅದಕ್ಕೆ ಬದಲಾಗಿ, ಆಪತ್ತಿಗೆ ಮುಂಚೆಯೇ ಸರಕಾರದ ಯಾವುದಾದರೊಂದು ಪಟ್ಟಿಯಲ್ಲಿ ಹೆಸರು ಬರೆಸಿಕೊಂಡಿದ್ದೀಯೋ ಎಂದು ಕೇಳುತ್ತದೆ.

ಪ್ರಕೃತಿಕೋಪದ ಪರಿಹಾರದ ನಿಯಮಗಳಲ್ಲಿಯೂ ಇದೇ ಕಥೆ. ಬೆಳೆ ಹೋದರೆ, ಮನೆ ಬಿದ್ದರೆ, ದನ ಸತ್ತರೆ, ದೋಣಿ ಒಡೆದರೆ, ಕುಶಲಕರ್ಮಿಯ ಉಪಕರಣ ಹಾಳಾದರೆ ಇಂತಿಷ್ಟು ಎಂದು ವಿಪತ್ತು ನಿಧಿಯ ನಿಯಮಗಳು ಹೇಳುತ್ತವೆ. ಅಂಗಡಿಯ ಕಪಾಟಿನಲ್ಲಿದ್ದ ಸರಕಿಗೆ, ನಿಂತುಹೋದ ವ್ಯಾಪಾರಕ್ಕೆ ಆ ಪಟ್ಟಿಯಲ್ಲಿ ಸಾಲಿಲ್ಲ. ಕೃಷಿಕನ ದೇಶದಲ್ಲಿ ನಷ್ಟವೆಂದರೆ ಬೆಳೆಯ ನಷ್ಟವೆಂದು ಬರೆದ ಕಾಲದ ನೆರಳು ಇನ್ನೂ ಆ ನಿಯಮಗಳ ಮೇಲಿದೆ.

ಮುಂದಿನ ಮಳೆಗೆ ಮುನ್ನ

ಹಾಗಾದರೆ ಮಾಡಬೇಕಾದುದೇನು? ಕಳ್ಳನನ್ನು ತಡೆಯುವ, ಬಡವನನ್ನು ಬಿಡದ ಬಾಗಿಲೊಂದುಂಟೆ? ಪೂರ್ಣವಾಗಿ ಇಲ್ಲದಿರಬಹುದು, ಈಗಿರುವುದಕ್ಕಿಂತ ಉತ್ತಮವಾದುದು ಉಂಟು, ಅದರ ಮಾದರಿಗಳೂ ಕಣ್ಣೆದುರಿಗಿವೆ.

೨೦೨೩ರ ಸೆಪ್ಟೆ‍ಂಬರ್ ೧೭ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯಲ್ಲಿ ಹದಿನೆಂಟು ಕಸಬುಗಳವರಿಗೆ ಉಪಕರಣಕ್ಕೆಂದು ೧೫,೦೦೦ ರೂಪಾಯಿ ಮತ್ತು ಕಡಿಮೆ ಬಡ್ಡಿಯ ಸಾಲ ದೊರೆಯುತ್ತವೆ. ಕ್ಷೌರಿಕ, ಮಡಿವಾಳ, ಹೊಲಿಗೆಯವ, ಕುಂಬಾರ, ಕಮ್ಮಾರ, ಚಮ್ಮಾರ ಇವರೆಲ್ಲ ಅದರಲ್ಲಿದ್ದಾರೆ. ಅಲ್ಲಿ ಅರ್ಜಿಯ ಮೊದಲ ಪರಿಶೀಲನೆ ಗ್ರಾಮಪಂಚಾಯತಿಯಲ್ಲಿಯೇ ಆಗುತ್ತದೆ, ನಗರದಲ್ಲಾದರೆ ನಗರಸಂಸ್ಥೆಯಲ್ಲಿ. ಇವನು ಈ ಕಸಬಿನವನು ಹೌದೋ ಅಲ್ಲವೋ ಎಂಬುದನ್ನು ದೂರದ ಗಣಕಯಂತ್ರಕ್ಕಿಂತ ಊರಿನವರು ಚೆನ್ನಾಗಿ ಬಲ್ಲರು. ಸ್ವನಿಧಿ ಯೋಜನೆಯನ್ನು ೨೦೨೫ರ ಆಗಸ್ಟಿನಲ್ಲಿ ಕೇಂದ್ರ ಸಚಿವ ಸಂಪುಟ ೨೦೩೦ರ ಮಾರ್ಚಿ ೩೧ರವರೆಗೆ ವಿಸ್ತರಿಸಿದಾಗ, ಸಾಲದ ಮೊದಲ ಎರಡು ಕಂತುಗಳನ್ನು ೧೫,೦೦೦ಕ್ಕೆ ಮತ್ತು ೨೫,೦೦೦ಕ್ಕೆ ಏರಿಸಿದುದಲ್ಲದೆ, ಶಾಸನಬದ್ಧ ನಗರಗಳ ಆಚೆಗೂ, ಜನಗಣತಿಯಲ್ಲಿ ಪಟ್ಟಣವೆನಿಸಿದ ಊರುಗಳಿಗೂ ನಗರದಂಚಿನ ಪ್ರದೇಶಗಳಿಗೂ ಅದನ್ನು ಹಂತಹಂತವಾಗಿ ಹಬ್ಬಿಸಲು ನಿಶ್ಚಯಿಸಿತು. ಐದು ವರ್ಷ ತಡವಾಗಿಯಾದರೂ ಗೋಡೆ ಸ್ವಲ್ಪ ಸರಿದಿದೆ. ಆ ಹಂತ ಕೊಡಗಿನ ಸಂತೆಗಳಿಗೆ ಯಾವಾಗ ಮುಟ್ಟುವುದೆಂಬುದನ್ನು ಅಲ್ಲಿಯ ಪಂಚಾಯತಿಗಳೂ ಶಾಸಕರೂ ಕೇಳುತ್ತಿರಬೇಕು.

ಪಂಚಾಯತಿಗಳು ತಾವಾಗಿಯೇ ಮಾಡಬಹುದಾದ ಕೆಲಸವೂ ಒಂದಿದೆ. ಸಂತೆಯ ಸುಂಕ ಎತ್ತುವವನಿಗೆ ಅಲ್ಲಿ ಕುಳಿತುಕೊಳ್ಳುವವರ ಮುಖಪರಿಚಯವಿರುತ್ತದೆ. ಅವರ ಹೆಸರು, ಊರು, ಮಾರುವ ಸರಕು ಇಷ್ಟನ್ನು ಪುಸ್ತಕವೊಂದರಲ್ಲಿ ಬರೆದು, ವರ್ಷಕ್ಕೊಮ್ಮೆ ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿದರೆ ಸಾಕು. ಇಲ್ಲದವನ ಹೆಸರು ಸೇರಿದ್ದರೆ ನೆರೆಯವರು ಆಕ್ಷೇಪಿಸಿಯಾರು. ಇದ್ದವನ ಹೆಸರು ಬಿಟ್ಟಿದ್ದರೆ ಅವನೇ ಎದ್ದು ಕೇಳಿಯಾನು. ಮೋಸವನ್ನು ತಡೆಯಲು ಇದಕ್ಕಿಂತ ಅಗ್ಗವಾದ ಕಾವಲು ಸಿಕ್ಕುವುದು ಕಷ್ಟ. ಇಂಥ ಪುಸ್ತಕವಿದ್ದಲ್ಲಿ ಪಂಚಾಯತಿಯ ಮುದ್ರೆಯೊತ್ತಿದ ಪತ್ರವನ್ನೇ ಅರ್ಹತೆಯ ದಾಖಲೆಯೆಂದು ಸರಕಾರ ಒಪ್ಪಬೇಕು. ತಿರಸ್ಕೃತನಾದವನಿಗೆ ಏಕೆ ತಿರಸ್ಕರಿಸಿದರೆಂದು ತಿಳಿಸಬೇಕು; ಮೇಲ್ಮನವಿಗೆ ತಾಲ್ಲೂಕಿನಲ್ಲಿಯೇ ಒಬ್ಬ ಅಧಿಕಾರಿ ಇರಬೇಕು. ವ್ಯಾಪಾರಿಗಳಿಗೂ ಇದರಲ್ಲಿ ಪಾಠವಿದೆ: ಸುಗ್ಗಿಯಲ್ಲಿ ಹೆಸರು ಬರೆಸಿಕೊಳ್ಳುವುದನ್ನು ತೆರಿಗೆಯ ಬಲೆಯೆಂದಷ್ಟೇ ಭಾವಿಸದೆ, ಬರಗಾಲಕ್ಕೆ ಕಟ್ಟಿಟ್ಟ ಬುತ್ತಿಯೆಂದು ತಿಳಿಯುವುದು ಒಳ್ಳೆಯದು.

ಎರಡು ಸಾವಿರ ಅಥವಾ ಐದು ಸಾವಿರ ರೂಪಾಯಿಗಳಿಂದ ಯಾರ ಅಂಗಡಿಯೂ ಉದ್ಧಾರವಾಗುವುದಿಲ್ಲ. ಆದರೂ ಆ ಹಣದಲ್ಲಿ ಒಂದು ತಿಂಗಳ ಅಕ್ಕಿಯಿದೆ, ಮಕ್ಕಳ ಔಷಧಿಯಿದೆ, ಮುಂದಿನ ಸಂತೆಗೆ ಸರಕು ಕೊಳ್ಳುವ ಮೂಲಧನವಿದೆ. ಅದನ್ನು ಪಡೆದವನಿಗೆ ತಾನೂ ಈ ನಾಡಿನ ಲೆಕ್ಕದಲ್ಲಿ ಇದ್ದೇನೆಂಬ ಭರವಸೆ ಹುಟ್ಟುತ್ತದೆ. ಪಡೆಯದೆ ಹಿಂದಿರುಗಿದವಳು ಮರುವಾರವೂ ಬುಟ್ಟಿ ಹೊತ್ತು ಸಂತೆಗೆ ಬರುತ್ತಾಳೆ, ಸುಂಕ ತೆರುತ್ತಾಳೆ, ಚೌಕಾಸಿ ಮಾಡುತ್ತಾಳೆ. ಅವಳು ವ್ಯಾಪಾರಿಯೆಂಬುದನ್ನು ಅಲ್ಲಿ ನೆರೆದವರಾರೂ ಸಂಶಯಿಸುವುದಿಲ್ಲ. ಮುಂದಿನ ಆಪತ್ತು ಬರುವುದಕ್ಕೆ ಮೊದಲು ಅವಳ ಹೆಸರೂ ಪುಸ್ತಕವೊಂದರಲ್ಲಿ ಬರಲೆಂಬುದೇ ಕೇಳಬೇಕಾದ ಮಾತು.